ಪೀಡನ: ವಸ್ತುವಿನ ಒಡಲೊಳಗಿನ ಬಲ

‘ಪೀಡನ’ ಎಂಬುದು ಭೌತವಿಜ್ಞಾನದಲ್ಲಿ ‘ಸ್ಟ್ರೆಸ್’ ಎಂಬುದಕ್ಕೆ ನಾವು ಬಳಸುವ ಪದ. ಪೀಡೆಯನ್ನು ನೆನಪಿಸುವುದರಿಂದ ಕಿವಿಗೆ ತುಸು ಕಟುವಾಗಿದ್ದರೂ, ಅದರ ಸಂಸ್ಕೃತ ಧಾತುವಿಗೆ ಒತ್ತು, ಹಿಂಡು ಎಂಬ ಅರ್ಥಗಳಿರುವುದರಿಂದ ಆಯ್ಕೆ ಸರಿಯಾಗಿಯೇ ಇದೆ. ವಸ್ತುವಿನ ಒಂದು ಭಾಗವು ತನಗೆ ಅಂಟಿಕೊಂಡಿರುವ ನೆರೆಯ ಭಾಗದ ಮೇಲೆ ಹೇರುವ ಬಲವನ್ನು ಅವೆರಡೂ ಕೂಡುವ ಮೇಲ್ಮೈಯ ವಿಸ್ತೀರ್ಣದಿಂದ ಭಾಗಿಸಿದರೆ ದೊರೆಯುವುದೇ ಪೀಡನ. ಇದರ ಮಾನ ಪಾಸ್ಕಲ್, ಅಂದರೆ ಚದರ ಮೀಟರಿಗೆ ಒಂದು ನ್ಯೂಟನ್.

ಒತ್ತಡಕ್ಕೂ ಇದೇ ಮಾನವಿರುವುದರಿಂದ ಎರಡನ್ನೂ ಒಂದೆಂದು ಭಾವಿಸುವವರುಂಟು. ನಿಂತ ನೀರಿನ ಮಟ್ಟಿಗೆ ಅದು ತಪ್ಪೂ ಅಲ್ಲ. ಕೆರೆಯ ನೀರಿನೊಳಗೆ ಒಂದು ಹಲಗೆಯನ್ನು ಹೇಗೆ ತಿರುಗಿಸಿ ಹಿಡಿದರೂ, ಅದೇ ಆಳದಲ್ಲಿ ಅದರ ಮೇಲಿನ ಒತ್ತಡ ಅಷ್ಟೇ ಇರುತ್ತದೆ, ಮತ್ತು ಹಲಗೆಗೆ ಲಂಬವಾಗಿಯೇ ಇರುತ್ತದೆ. ಘನವಸ್ತು ಹಾಗಲ್ಲ. ಅದು ಒತ್ತನ್ನಲ್ಲದೆ ಸೆಳೆತವನ್ನೂ, ಪದರದ ಮೇಲೆ ಪದರವನ್ನು ಜಾರಿಸಲು ಯತ್ನಿಸುವ ಬಲವನ್ನೂ ತಾಳಿಕೊಂಡು ಸುಮ್ಮನೆ ನಿಲ್ಲಬಲ್ಲದು. ರಾಗಿ ಹಿಟ್ಟಿನಲ್ಲೇ ಇದನ್ನು ಕಾಣಬಹುದು: ಜಾರಿಕೆಯ ಪೀಡನವನ್ನು ಒಂದು ಮಿತಿಯವರೆಗೆ ತಡೆಯುವುದರಿಂದ ಮುದ್ದೆ ತಟ್ಟೆಯಲ್ಲಿ ಗುಂಡಗೆ ಕೂರುತ್ತದೆ, ಬೆರಳು ಒತ್ತಿದರೆ ಮಾತ್ರ ಮಣಿಯುತ್ತದೆ, ಅಂಬಲಿ ಹರಡಿಬಿಡುತ್ತದೆ. ಹರಿಯುತ್ತಿರುವ ದ್ರವದಲ್ಲಿ ಜಾರಿಕೆಯ ಪೀಡನ ಇದ್ದೇ ಇರುತ್ತದೆ, ಆದರೆ ಅದು ಹರಿವಿನ ವೇಗ ಪದರದಿಂದ ಪದರಕ್ಕೆ ಎಷ್ಟು ಬದಲಾಗುತ್ತದೆ ಎಂಬುದನ್ನು ಅವಲಂಬಿಸಿದ್ದು, ಹರಿವು ನಿಂತೊಡನೆ ಇಲ್ಲವಾಗುತ್ತದೆ.

ದಿಕ್ಕು ಬದಲಾದಂತೆ ಪೀಡನವೂ ಬದಲಾಗುವುದರಿಂದ ಒಂದು ಬಿಂದುವಿನ ಪೀಡನವನ್ನು ಒಂದೇ ಸಂಖ್ಯೆಯಲ್ಲಿ ಹೇಳಲಾಗದು. ಪರಸ್ಪರ ಲಂಬವಾದ ಮೂರು ತಳಗಳ ಮೇಲಿನ ಒಂಬತ್ತು ಸಂಖ್ಯೆಗಳು ಬೇಕು, ಅವುಗಳಲ್ಲಿ ಆರು ಮಾತ್ರ ಸ್ವತಂತ್ರ. 1822ರಲ್ಲಿ ಈ ಕಲ್ಪನೆಗೆ ಗಣಿತದ ರೂಪ ಕೊಟ್ಟವನು ಫ್ರಾನ್ಸಿನ ಗಣಿತಜ್ಞ ಕೋಶಿ.

ನಮ್ಮ ಸೀಮೆಯ ಕಲ್ಲುಕುಟಿಗರಿಗೆ ಆ ಗಣಿತ ಬೇಕಾಗಲಿಲ್ಲ. ಗ್ರಾನೈಟ್ ಒತ್ತನ್ನು ಎಷ್ಟು ತಾಳುತ್ತದೆಯೋ ಅದರ ಹತ್ತನೇ ಒಂದು ಪಾಲಿನಷ್ಟು ಸೆಳೆತವನ್ನೂ ಸಾಮಾನ್ಯವಾಗಿ ತಾಳದು. ಆದ್ದರಿಂದಲೇ ಸಾಲಾಗಿ ಕುಳಿ ತೋಡಿ ಬೆಣೆ ಬಡಿದರೆ, ಎಷ್ಟೋ ಭಾರ ಹೊರುವ ಬಂಡೆಯೂ ಗೆರೆ ಹೊಡೆದಂತೆ ಸೀಳುತ್ತದೆ. ನಂದಿಯ ಭೋಗನಂದೀಶ್ವರ ಗುಡಿಯಲ್ಲಿ ಕಂಬಗಳು ಹತ್ತಿರಹತ್ತಿರ ನಿಂತಿರುವುದಕ್ಕೂ ಇದು ಒಂದು ಕಾರಣ: ಕಂಬಗಳ ನಡುವೆ ದೂರ ಹೆಚ್ಚಾದಷ್ಟೂ ಮೇಲಿನ ಕಲ್ಲಿನ ತೊಲೆಯ ಕೆಳಮೈ ಸೆಳೆತಕ್ಕೆ ಸಿಕ್ಕಿ ಬಿರುಕು ಬಿಡುತ್ತದೆ.

ಪೀಡನದ ಉಗ್ರರೂಪವನ್ನು ಕಂಡವರು ಕೋಲಾರ ಚಿನ್ನದ ಗಣಿಯ ಕಾರ್ಮಿಕರು. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ, ಅಲ್ಲಿನ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್‌ನ ತಳದಲ್ಲಿ, ಮೇಲಿನ ಬಂಡೆಯ ತೂಕವೊಂದರಿಂದಲೇ ಸುಮಾರು 8 ಕೋಟಿ ಪಾಸ್ಕಲ್, ಅಂದರೆ ಗಾಳಿಯ ಒತ್ತಡದ 800 ಪಟ್ಟು ಪೀಡನ ಉಂಟಾಗುತ್ತದೆ. ಅದಿರು ತೆಗೆದು ಪೊಳ್ಳು ಮಾಡಿದಾಗ ಆ ಹೊರೆ ಕರಗುವುದಿಲ್ಲ, ಸುತ್ತಲ ಬಂಡೆಯ ಮೇಲೆ ಹೋಗಿ ಕೂರುತ್ತದೆ. ಅದರ ತಾಳಿಕೆ ಮೀರಿದ ಗಳಿಗೆಯಲ್ಲಿ ಸುರಂಗದ ಗೋಡೆಯೇ ಸಿಡಿಯುತ್ತದೆ. ಗಣಿಯಲ್ಲಿ ಇಂಥ ಬಂಡೆ ಸಿಡಿತಗಳು ಎಷ್ಟು ಬಲವಾಗಿರುತ್ತಿದ್ದವೆಂದರೆ, ಅವುಗಳ ಕಂಪನವನ್ನು ದಾಖಲಿಸಲು ಭೂಕಂಪಮಾಪಕಗಳನ್ನೇ ನೆಡಬೇಕಾಯಿತು.