ಗುರಿ ಮುಟ್ಟಿದ ಮೇಲೆ ಜಿಮ್ ಯಾಕೆ ಬೇಡವಾಗುತ್ತದೆ?

ಪ್ರಶ್ನೆ: ತಂಗಿಯ ಮದುವೆಯೊಳಗೆ ತೂಕ ಇಳಿಸಬೇಕೆಂದು ಜಿಮ್ ಸೇರಿದ್ದೆ. ಐದು ಕೆ.ಜಿ. ಇಳಿಯಿತು ಕೂಡ. ಮದುವೆ ಮುಗಿದ ಮೇಲೆ ಆ ಕಡೆ ತಲೆ ಹಾಕಿಲ್ಲ, ಇಳಿದದ್ದೆಲ್ಲ ವಾಪಸ್ ಬಂದಿದೆ. ನನ್ನ ಮನಸ್ಸೇ ಗಟ್ಟಿ ಇಲ್ಲವೇ? ಮತ್ತೆ ವರ್ಷದ ಫೀಸು ಕಟ್ಟಲೇ?

ಉತ್ತರ: ಮನಸ್ಸು ಗಟ್ಟಿ ಇಲ್ಲದವರಿಗೆ ಐದು ಕೆ.ಜಿ. ಇಳಿಸಲು ಆಗುವುದಿಲ್ಲ. ನಿಮ್ಮ ಗುರಿಗೆ ಒಂದು ತಾರೀಕು ಇತ್ತು. ಆ ತಾರೀಕು ದಾಟಿತು, ಅಷ್ಟೆ. ಆರತಕ್ಷತೆಯ ಫೋಟೊ ತೆಗೆಸಿಕೊಂಡ ಮರುದಿನ ಟ್ರೆಡ್‌ಮಿಲ್ ಹತ್ತಲು ನಿಮಗೆ ಕಾರಣವೇ ಉಳಿದಿರಲಿಲ್ಲ.

ಕೆಲಸದಿಂದ ಸಿಗುವ ಫಲಕ್ಕಾಗಿ ಮಾಡುವುದು ಬೇರೆ, ಕೆಲಸವೇ ಹಿಡಿಸಿ ಮಾಡುವುದು ಬೇರೆ. ಅಮೆರಿಕದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ದಶಕಗಳ ಕಾಲ ಅಧ್ಯಯನ ಮಾಡಿದ್ದು ಇದನ್ನೇ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಯಾನ್ ಮತ್ತು ಸಂಗಡಿಗರು ಟೇಕ್ವಾಂಡೊ ಎಂಬ ಕೊರಿಯಾದ ಸಮರಕಲೆ ಕಲಿಯುವವರನ್ನೂ ಏರೋಬಿಕ್ಸ್‌ಗೆ ಬರುವವರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಏರೋಬಿಕ್ಸ್‌ನವರ ಮನಸ್ಸು ಹೆಚ್ಚಾಗಿ ಮೈಕಟ್ಟಿನ ಮೇಲಿತ್ತು. ಟೇಕ್ವಾಂಡೊದವರದು ಕಲಿಯುವುದರ ಮೇಲೆ, ಅದರ ಖುಷಿಯ ಮೇಲೆ. ಬಿಡದೆ ಹೆಚ್ಚು ಬಂದವರು ಟೇಕ್ವಾಂಡೊದವರು.

ತೂಕವನ್ನೇ ಗುರಿ ಮಾಡಿಕೊಂಡರೆ ಇನ್ನೊಂದು ತೊಂದರೆ ಇದೆ. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 150 ಕ್ಯಾಲೊರಿ. ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆಗೆ ಅದು ಯಾವ ಲೆಕ್ಕಕ್ಕೂ ಇಲ್ಲ. ಊಟ ಬದಲಾಗದೆ ಬರೀ ವ್ಯಾಯಾಮದಿಂದ ಇಳಿಯುವ ತೂಕ ಕಡಿಮೆಯೇ. ಆದರೆ ಅದೇ ಅರ್ಧ ಗಂಟೆಯಿಂದ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಊಟದ ನಂತರ ನಡೆದರೆ ಸಕ್ಕರೆ ಅಷ್ಟಾಗಿ ಏರುವುದಿಲ್ಲ, ತಲೆ ಹಗುರಾಗುತ್ತದೆ. ಇದ್ಯಾವುದನ್ನೂ ತೂಕದ ಯಂತ್ರ ತೋರಿಸುವುದಿಲ್ಲವಲ್ಲ! ಲಾಭ ಆಗುತ್ತಿರುವಾಗಲೇ ‘ಏನೂ ಆಗ್ತಿಲ್ಲ’ ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಸ್ವಲ್ಪ ಹೊತ್ತು ನಿಂತು ನೋಡಿ. ಮಂಕಿ ಕ್ಯಾಪ್ ಹಾಕಿಕೊಂಡ ನಿವೃತ್ತರು ಮೂರು ನಾಲ್ಕು ಜನ ಜೊತೆಯಾಗಿ ಪಿಂಚಣಿ, ಚುನಾವಣೆ, ಮೊಮ್ಮಕ್ಕಳ ಸೀಟು ಅಂತ ಮಾತಾಡುತ್ತಾ ಸುತ್ತು ಹಾಕುತ್ತಿರುತ್ತಾರೆ. ಇಂಥವರಲ್ಲಿ ಬಹಳ ಮಂದಿ ಮೊದಲು ಬಂದದ್ದು ಶುಗರ್ ರಿಪೋರ್ಟ್ ನೋಡಿ ಹೆದರಿ. ಆ ಹೆದರಿಕೆ ಒಂದೆರಡು ತಿಂಗಳಲ್ಲಿ ಇಳಿದಿರುತ್ತದೆ. ಈಗ ಅವರನ್ನು ಎಬ್ಬಿಸಿ ಕರೆತರುವುದು ಆ ಹರಟೆ, ಆಮೇಲಿನ ಕಾಫಿ. ಎರಡು ದಿನ ಕಾಣದಿದ್ದರೆ ಫೋನ್ ಬರುತ್ತದೆ: ‘ಏನ್ ಸಾರ್, ಹುಷಾರಿಲ್ವಾ?’ ನನ್ನ ಪ್ರಕಾರ ಯಾವ ಫಿಟ್‌ನೆಸ್ ಆ್ಯಪ್‌ನ ನೋಟಿಫಿಕೇಶನ್ನಿಗೂ ಆ ಫೋನಿನ ಅರ್ಧದಷ್ಟು ಬಲ ಇಲ್ಲ.

ಹಾಗಾದರೆ ಮದುವೆಯಂಥ ಗುರಿ ಇಟ್ಟುಕೊಳ್ಳಲೇಬಾರದೇ? ಧಾರಾಳವಾಗಿ ಇಟ್ಟುಕೊಳ್ಳಿ, ಶುರು ಮಾಡಿಸುವುದಕ್ಕೆ ಅದು ಒಳ್ಳೆಯದೇ. ಅದು ಮುಗಿಯುವುದರೊಳಗೆ ಇನ್ನೊಂದು ಗುರಿ ಕಾಲೂರಿರಬೇಕು. ಆ ಎರಡನೆಯದು ಇವತ್ತಿನ ಬೆವರಿಗೆ ಇವತ್ತೇ ಕೂಲಿ ಕೊಡುವಂಥದ್ದಾಗಿರಲಿ: ಮೂರು ಮಹಡಿ ಹತ್ತಿದರೂ ಏದುಸಿರು ಬರಬಾರದು, ಶಟಲ್‌ನಲ್ಲಿ ಬ್ಯಾಕ್‌ಹ್ಯಾಂಡ್ ಸರಿಯಾಗಬೇಕು, ಆಫೀಸಿನ ಕಿರಿಕಿರಿ ಮನೆಗೆ ಬರಬಾರದು. ‘ದಿನಕ್ಕೆ 10,000 ಹೆಜ್ಜೆ’ಯನ್ನು ಮಾತ್ರ ತಲೆಗೆ ಹಚ್ಚಿಕೊಳ್ಳಬೇಡಿ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ.

ಗುರಿ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಹೊತ್ತು, ಜಾಗ ಗೊತ್ತಾಗಬೇಕು. ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವ್ಯಾಯಾಮದ ಲಾಭಗಳನ್ನು ಓದಿಸಿದ ಗುಂಪಿನಲ್ಲಿ ಆ ವಾರ ವ್ಯಾಯಾಮ ಮಾಡಿದವರು ಶೇ 35ರಷ್ಟು. ಅದೇ ಓದಿನ ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಬರೆದುಕೊಂಡವರಲ್ಲಿ ಶೇ 91. ವಾರದ ಮಟ್ಟಿಗಿನ ಫಲಿತಾಂಶ ಅದು, ಆದರೂ ಒಂದು ಚೀಟಿಗೆ ಅಷ್ಟು ಬಲ!

ಫೀಸಿನ ವಿಷಯಕ್ಕೆ ಬಂದರೆ, ವರ್ಷದ್ದು ಬೇಡ. ಕಟ್ಟಿದ ದುಡ್ಡಿನ ಸಂಕಟ ಕೆಲವು ವಾರ ಕಾಡಿ ಸುಮ್ಮನಾಗುತ್ತದೆ. ಒಂದು ತಿಂಗಳಿಗೆ ಕಟ್ಟಿ, ಟ್ರೆಡ್‌ಮಿಲ್ ಬಿಟ್ಟು ಬೇರೆ ಏನಾದರೂ ಕಲಿಸಿಕೊಡಿ ಎಂದು ಟ್ರೈನರ್‌ಗೆ ಕೇಳಿ. ಅದೂ ಹಿಡಿಸದಿದ್ದರೆ ಮುಂದಿನ ತಿಂಗಳು ಆ ದುಡ್ಡಲ್ಲಿ ಒಂದು ಶಟಲ್ ರ‍್ಯಾಕೆಟ್ ತಗೊಳ್ಳಿ, ತಂಗಿಗೂ ಒಂದು ಕೊಡಿಸಿ.