ಕೊಂಬೆಗೆ ಜೋತುಬಿದ್ದ ಬೆಣ್ಣೆ ದೋಸೆ

ದಾವಣಗೆರೆಯ ದೋಸೆ ಹೋಟೆಲೊಂದರಲ್ಲಿ ಕುಳಿತಿದ್ದಾಗ, ಚಿತ್ರಕಲೆ ಕಲಿಯುತ್ತಿರುವ ನನ್ನ ಅಕ್ಕನ ಮಗಳು ಬಿಲ್ಲಿನ ಬೆನ್ನಿಗೆ ಏನೋ ಗೀಚಿ ಮುಂದಿಟ್ಟಳು. ಒಣಕೊಂಬೆಯ ಮೇಲೆ ಒದ್ದೆ ಟವೆಲ್ಲಿನಂತೆ ಜೋತುಬಿದ್ದ ದೋಸೆ. ಮೂಲೆಯಲ್ಲಿ ಬೋರಲು ಬಿದ್ದ ಸ್ಟೀಲಿನ ಚಟ್ನಿ ಬಟ್ಟಲು, ಅದರ ಮೇಲೆಲ್ಲ ಇರುವೆ. ಗಡಿಯಾರದ ಸುಳಿವೇ ಇಲ್ಲ. ಆದರೂ ಕಂಡ ತಕ್ಷಣ "ಡಾಲಿ!" ಎಂದೆ.

ಅತಿವಾಸ್ತವವಾದಿ ಕಲಾವಿದ ಸಾಲ್ವಡಾರ್ ಡಾಲಿ 1931ರಲ್ಲಿ ಬರೆದ 'ದಿ ಪರ್ಸಿಸ್ಟೆನ್ಸ್ ಆಫ್ ಮೆಮೊರಿ' ಬರೀ 24 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲದ ಚಿತ್ರ. ಅದರಲ್ಲಿ ಒಣಕೊಂಬೆಗೆ ಗಡಿಯಾರವೊಂದು ಕರಗಿದಂತೆ ಜೋತುಬಿದ್ದಿದೆ. ಕರಗುವ ಗಡಿಯಾರದ ಕಲ್ಪನೆ ತನಗೆ ಹೊಳೆದದ್ದು ಊಟದ ನಂತರ ಮೆತ್ತಗಿನ ಕಾಮಾಂಬೇರ್ ಚೀಸಿನ ಬಗ್ಗೆ ಯೋಚಿಸುತ್ತಿದ್ದಾಗ ಎಂದು ಅವನೇ ಬರೆದುಕೊಂಡಿದ್ದಾನೆ. ನಮ್ಮೂರಿನವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ದೋಸೆಯ ಮೇಲಿಟ್ಟ ಬೆಣ್ಣೆ ಮುದ್ದೆಯನ್ನೇ ನೋಡಿ: ಅಂಚು ಮೊದಲು ಹೊಳೆಯುತ್ತದೆ, ಆಮೇಲೆ ಬುಡ ಜಾರುತ್ತದೆ, ನೆತ್ತಿ ಮಾತ್ರ ಇನ್ನೂ ಬೆಳ್ಳಗೆ ನಿಂತಿರುತ್ತದೆ. ಬೆಣ್ಣೆಯಲ್ಲಿ ಹಲವು ಬಗೆಯ ಕೊಬ್ಬುಗಳಿದ್ದು, ಒಂದೊಂದೂ ಒಂದೊಂದು ಉಷ್ಣತೆಯಲ್ಲಿ ಕರಗುವುದರಿಂದ ಮಂಜುಗಡ್ಡೆಯ ಹಾಗೆ ಅದಕ್ಕೆ ಒಂದೇ ಕರಗುಬಿಂದುವಿಲ್ಲ. ಗಟ್ಟಿಯೂ ಅಲ್ಲದ, ನೀರೂ ಅಲ್ಲದ ಆ ನಡುವಿನ ಸ್ಥಿತಿಯನ್ನೇ ಡಾಲಿ ಲೋಹದ ಗಡಿಯಾರಕ್ಕೆ ಕೊಟ್ಟ.

ಇಂಥ ಹೊಂದಿಕೆಯಾಗದ ಜೋಡಿ ಎದುರಾದಾಗ ಮಿದುಳು ಏನು ಮಾಡುತ್ತದೆ? 1980ರಲ್ಲಿ ಮಿದುಳು ಸಂಶೋಧಕರಾದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲಿಯಾರ್ಡ್, 'ಬಿಸಿ ಬ್ರೆಡ್ಡಿಗೆ ಕಾಲುಚೀಲ ಸವರಿದ' ಎಂಬಂಥ ವಾಕ್ಯಗಳನ್ನು ಓದಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ಎಡವಟ್ಟು ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಒಂದು ಋಣ (ನೆಗೆಟಿವ್) ಅಲೆ ಎದ್ದಿತು. ಅದರ ಹೆಸರೇ ಎನ್400. ಸಂದರ್ಭಕ್ಕೆ ಒಗ್ಗದ ಚಿತ್ರಗಳಿಗೂ ಇಂಥದೇ ಅಲೆ ಏಳುತ್ತದೆ.

ನನಗೆ ಇದಕ್ಕಿಂತ ಇಷ್ಟವಾದದ್ದು 2006ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಪ್ರಕಟವಾದ ಶೇಂಗಾ ಪ್ರಯೋಗ. ಹಾಡಿ ಕುಣಿಯುವ ಒಂದು ಶೇಂಗಾಬೀಜದ ಕತೆಯನ್ನು ನ್ಯೂಲಂಡ್ ಮತ್ತು ಫಾನ್ ಬೆರ್ಕಮ್ ಜನರಿಗೆ ಕೇಳಿಸಿದರು. ಕತೆ ಮುಂದುವರಿದ ಮೇಲೆ, ಶೇಂಗಾಕ್ಕೆ ಪ್ರೇಮ ಮೂಡಿತು ಎಂದರೆ ಮಿದುಳು ಬೆಚ್ಚಲಿಲ್ಲ. ಶೇಂಗಾಕ್ಕೆ ಉಪ್ಪು ಹಚ್ಚಿದೆ ಎಂಬ ದಿನನಿತ್ಯದ ಮಾತಿಗೇ ಅಲೆ ದೊಡ್ಡದಾಯಿತು!

ಡಾಲಿಯ ಗಡಿಯಾರವೂ ಈಗ ಆ ಶೇಂಗಾದಂತಾಗಿದೆ ಎಂದು ನನಗೆ ತೋರುತ್ತದೆ. ಅದು ಕರಗುವುದು ನಮಗೆ ರೂಢಿಯಾಗಿಬಿಟ್ಟಿದೆ. ಅಣಕು ಚಿತ್ರ ಬರೆಯುವವರು ಈ ರೂಢಿಯ ಮೇಲೆಯೇ ಕೈಯಿಡುತ್ತಾರೆ. ದೋಸೆ ಮೆತ್ತಗೆ ಬಾಗುವುದು ಸಹಜ, ಆದರೆ ಆ ಕೊಂಬೆಯ ಮೇಲೆ ಅದೇ ಸಹಜ ವಸ್ತು ವಿಚಿತ್ರವಾಗಿ ಕಾಣುತ್ತದೆ.

"ಬಟ್ಟಲನ್ನೂ ಕರಗಿಸಬಹುದಿತ್ತಲ್ಲ?" ಎಂದು ಕೇಳಿದೆ.

"ಮೂಲದಲ್ಲಿ ಇರುವೆ ಮುತ್ತಿದ ಗಡಿಯಾರ ಕರಗಿಲ್ಲ, ಚಿಕ್ಕಮ್ಮ."

ಎಷ್ಟೋ ಸಲ ನೋಡಿದ ಚಿತ್ರ. ಅದರಲ್ಲಿರುವ ನಾಲ್ಕೂ ಗಡಿಯಾರ ಕರಗಿವೆ ಎಂದೇ ನಂಬಿದ್ದೆ. ಮೊಬೈಲ್ ತೆಗೆದು ನೋಡಿದರೆ, ಎಡಗಡೆ ಕೆಳಗೆ ಕಿತ್ತಳೆ ಬಣ್ಣದ ಗಡಿಯಾರವೊಂದು ಮುಚ್ಚಿದಂತೆಯೇ, ಗಟ್ಟಿಯಾಗಿ ಕುಳಿತಿದೆ.