ಕಥೆಯಲ್ಲಿ ಮಳೆ ಬಂದರೆ, ಯಾರು ನೋಡುತ್ತಿದ್ದಾರೆ ಅಂತ ಕೇಳಿ

ಜನರ ಜೊತೆ ಕೂತು ಸಣ್ಣಕಥೆ ಓದಿಸುವುದು ಹಲವು ವರ್ಷಗಳಿಂದ ನನ್ನ ಕೆಲಸ. ಪ್ರತಿ ಹೊಸ ತಂಡದಲ್ಲೂ ಮೊದಲ ವಾರವೇ ಈ ಪ್ರಶ್ನೆ ಬರುತ್ತದೆ: "ಮೇಡಂ, ಇಲ್ಲಿ ಮಳೆ ಯಾವುದರ ಸಂಕೇತ?" ನಾನು ಬಾಯಿ ತೆರೆಯುವ ಮೊದಲೇ ಇನ್ಯಾರೋ ಉತ್ತರ ಕೊಟ್ಟಿರುತ್ತಾರೆ. ಮಳೆ ಅಂದರೆ ದುಃಖ, ಕಾಗೆ ಅಂದರೆ ಸಾವು, ಕಿಟಕಿ ಅಂದರೆ ಬಿಡುಗಡೆ. ಈ ಪಟ್ಟಿ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೇಳುವವರು ದಡ್ಡರಲ್ಲ. ಪರೀಕ್ಷೆಗೆ ಹೀಗೇ ಬರೆಯಬೇಕು ಅಂತ ಯಾವಾಗಲೋ ಯಾರೋ ಅವರ ತಲೆಗೆ ತುಂಬಿದ್ದಾರೆ.

ಪಾತ್ರಕ್ಕೊಂದು ಪ್ಯಾರಾ, ಸಂಕೇತಕ್ಕೊಂದು ಪ್ಯಾರಾ ಅಂತ ಬೇರೆ ಮಾಡಿ ಓದುವುದರಿಂದಲೇ ಈ ತೊಂದರೆ. ಕಥೆಯಲ್ಲಿ ಕಾಣುವ ವಸ್ತುವನ್ನು ಸಾಮಾನ್ಯವಾಗಿ ಯಾರೋ ಒಬ್ಬರು ನೋಡುತ್ತಿರುತ್ತಾರೆ. ಅವರ ಕಣ್ಣು ಯಾವುದರ ಮೇಲೆ ನಿಲ್ಲುತ್ತದೆ, ಯಾವುದು ಅವರ ಕಣ್ಣಿಗೇ ಬೀಳುವುದಿಲ್ಲ ಅನ್ನುವುದರಲ್ಲೇ ಅವರ ಸ್ವಭಾವ ಇರುತ್ತದೆ. ಹಾಗಾಗಿ "ಇದರ ಅರ್ಥ ಏನು" ಅಂತ ಕೇಳುವ ಮೊದಲು "ಇದನ್ನು ನೋಡುತ್ತಿರುವವರು ಯಾರು, ಈಗಲೇ ಯಾಕೆ ನೋಡಿದರು" ಅಂತ ಕೇಳಿ. ಇದೊಂದನ್ನೇ ನಾನು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದೇನೆ.

ಫ್ರೆಂಚ್ ಕಥೆಗಾರ ಮೊಪಾಸಾ 1884ರಲ್ಲಿ ಬರೆದ ವಜ್ರದ ಹಾರದ ಕಥೆ ತುಂಬಾ ಜನ ಓದಿರುತ್ತೀರಿ. ಗುಮಾಸ್ತನ ಹೆಂಡತಿ ಮತಿಲ್ದ್ ಒಂದು ಔತಣಕ್ಕೆ ಗೆಳತಿಯ ಹಾರ ಕೇಳಿ ತರುತ್ತಾಳೆ, ಕಳೆದುಕೊಳ್ಳುತ್ತಾಳೆ. ಗಂಡ ಹೆಂಡತಿ ಸಾಲ ಮಾಡಿ 36,000 ಫ್ರಾಂಕಿನ ಇನ್ನೊಂದು ಹಾರ ಕೊಂಡು ಕೊಡುತ್ತಾರೆ. ಸಾಲ ತೀರಿಸಲು 10 ವರ್ಷ ಬೇಕಾಗುತ್ತದೆ. ಕೊನೆಗೆ ಗೊತ್ತಾಗುತ್ತದೆ, ಮೊದಲಿನ ಹಾರ ನಕಲಿ, ಹೆಚ್ಚೆಂದರೆ 500 ಫ್ರಾಂಕ್ ಬಾಳುತ್ತಿತ್ತು.

"ಹಾರ ದುರಾಸೆಯ ಸಂಕೇತ" ಅಂತ ಬರೆದು ಎಲ್ಲರೂ ಪುಸ್ತಕ ಮುಚ್ಚುತ್ತಾರೆ. ಆದರೆ ಕಥೆಯ ಶುರುವನ್ನೇ ನೋಡಿ. ಮತಿಲ್ದ್ ತನ್ನ ಮನೆಯ ಮಂಕು ಗೋಡೆ, ಸವೆದ ಕುರ್ಚಿ, ಚೆಂದವಿಲ್ಲದ ಪರದೆ ನೋಡಿ ನೋಡಿ ಕೊರಗುತ್ತಾಳೆ. ಅದೇ ಅಂತಸ್ತಿನ ಬೇರೆ ಹೆಂಗಸಾಗಿದ್ದರೆ ಅವು ಗಮನಕ್ಕೂ ಬರುತ್ತಿರಲಿಲ್ಲ ಅಂತ ಮೊಪಾಸಾ ಅಲ್ಲೇ ಹೇಳಿಬಿಡುತ್ತಾನೆ. ಆ ಕುರ್ಚಿ ಬಡತನದ ಗುರುತು ಅಂದರೆ ಸಾಲದು. ಅದು ಇವಳಿಗೆ ಮಾತ್ರ ಚುಚ್ಚುವ ಕುರ್ಚಿ.

ನಮ್ಮ ತಂಡದಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬರಿದ್ದರು. ಜಾಸ್ತಿ ಮಾತಾಡುತ್ತಿರಲಿಲ್ಲ. ಹಾರದ ಬಗ್ಗೆ ಎಲ್ಲರೂ ಮಾತಾಡಿದ ಮೇಲೆ ಮೆಲ್ಲಗೆ ಕೇಳಿದರು: "ಆ ಮೇಲುಹೊದಿಕೆ ವಿಷಯ ಯಾರೂ ಹೇಳಲಿಲ್ವಲ್ಲ?" ಔತಣ ಮುಗಿದಾಗ ಬೆಳಗಿನ ಜಾವ. ದಿನಾ ತೊಡುವ ಸಾದಾ ಹೊದಿಕೆಯನ್ನು ಗಂಡ ಅವಳ ಹೆಗಲಿಗೆ ಹಾಕುತ್ತಾನೆ. ಸುತ್ತ ಬೇರೆ ಹೆಂಗಸರು ತುಪ್ಪಳದ ಕೋಟು ತೊಡುತ್ತಿದ್ದಾರೆ. ಅವರ ಕಣ್ಣಿಗೆ ಬೀಳಬಾರದು ಅಂತ ಇವಳು ಹೊರಡಲು ಅವಸರ ಮಾಡುತ್ತಾಳೆ. ನಿಲ್ಲು, ಶೀತವಾಗುತ್ತೆ, ಗಾಡಿ ಕರೆಯುತ್ತೇನೆ ಅಂತ ಗಂಡ ಹೇಳಿದರೂ ಕೇಳದೆ ಮೆಟ್ಟಿಲು ಇಳಿದುಬಿಡುತ್ತಾಳೆ. ಮನೆಗೆ ಬಂದು ಕನ್ನಡಿಯ ಮುಂದೆ ಅದೇ ಹೊದಿಕೆ ತೆಗೆದಾಗ ಕೊರಳು ಬರಿದು.

ಹಾರ ಎಲ್ಲಿ ಬಿತ್ತು ಅಂತ ಕಥೆ ಹೇಳುವುದಿಲ್ಲ. ಆ ಅವಸರದಲ್ಲೇ ಬಿತ್ತು ಅಂತ ನಾನೂ ಖಚಿತವಾಗಿ ಹೇಳಲಾರೆ. ಆದರೆ ಅವಳು ಎಂಥವಳು ಅಂತ ಆ ಹೊದಿಕೆ ಹೇಳುವಷ್ಟು ಸ್ಪಷ್ಟವಾಗಿ ವಜ್ರ ಹೇಳುವುದಿಲ್ಲ.

ಇಷ್ಟು ಕೇಳಿದ ಮೇಲೆ ಕೆಲವರು ಪ್ರತಿ ಕುರ್ಚಿ, ಅಂಗಿಯ ಪ್ರತಿ ಗುಂಡಿಯ ಹಿಂದೆ ಬೀಳುತ್ತಾರೆ. ಅದೂ ಬೇಡ. ಎಷ್ಟೋ ಸಲ ಮಳೆ ಸುಮ್ನೆ ಮಳೆಯೇ. ರಷ್ಯದ ಕಥೆಗಾರ ಚೆಕಾವ್ 1886ರಲ್ಲಿ ಅಣ್ಣ ಅಲೆಕ್ಸಾಂಡರ್‌ಗೆ ಬರೆದ ಕಾಗದದಲ್ಲಿ ಒಡೆದ ಬಾಟಲಿಯ ಚೂರಿನ ಮಾತು ಬರುತ್ತದೆ. ಆ ಚೂರು ನಕ್ಷತ್ರದ ಹಾಗೆ ಮಿನುಗಿತು ಅಂತ ಬರೆದರೆ ಬೆಳದಿಂಗಳ ರಾತ್ರಿ ತಾನಾಗಿ ಮೂಡುತ್ತದೆ ಅನ್ನುತ್ತಾನೆ. ಅಲ್ಲಿ ಚೂರಿನ ಕೆಲಸ ರಾತ್ರಿಯನ್ನು ಕಾಣಿಸುವುದು. ಮೊದಲ ಓದಿನಲ್ಲಿ ಕಥೆ ಕರೆದುಕೊಂಡು ಹೋದಲ್ಲಿಗೆ ಹೋಗಿ. ಎರಡನೇ ಸಲ ಓದುವಾಗ, ಪಾತ್ರದ ಕಣ್ಣು ಎಲ್ಲಿ ತಡೆಯಿತೋ ಅಲ್ಲಿ ನೀವೂ ನಿಲ್ಲಿ.

ಮುಂದಿನ ವಾರ ಹಾರದ ಕಥೆಯನ್ನೇ ಮತ್ತೆ ಓದಿದೆವು. ಹೊಸ ಹಾರ ಹಿಂದಿರುಗಿಸುವಾಗ, ಬೇಗ ತರಬೇಕಿತ್ತು ಅಂತ ಗೆಳತಿ ಒರಟಾಗಿ ಹೇಳುತ್ತಾಳೆ. ಪೆಟ್ಟಿಗೆ ತೆರೆದು ನೋಡುವುದಿಲ್ಲ. ಮತಿಲ್ದ್‌ಗೆ ಅದರಿಂದ ಸಮಾಧಾನ. ಹೊಲಿಗೆಯವರು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು: "ಒಳಗಿರೋದು ನಿಜವಾದ ವಜ್ರ ಅಂತ ಗೊತ್ತಿದ್ದವಳು ತೆರೆದು ನೋಡದೆ ಬಿಡ್ತಿದ್ಲಾ?"